ಅಕ್ಷರ ಹೋಗಿ ಚೌಕ ಬಂದಾಗ

ಹೆದರಿಕಿ ಅಂಬೋದು ಬೀಗರ ಹಂಗ. ಹೇಳಿ ಬರೂದಿಲ್ಲ, ಬಂದ್ರ ಉಣ್ಣದ ಹೋಗೂದಿಲ್ಲ, ಹೋದ ಮ್ಯಾಲ ಅವರದೇ ಮಾತು ಆಡಿಕೋತ ನಾವು ನಗ್ತಿರ್ತೀವಿ. ನಮ್ಮ ಕಾರ್ಖಾನಿಗೆ ಈ ಬೀಗರು ಮೊದಲು ಅಪರೂಪಕ್ಕ ಬರ್ತಿದ್ರು. ಕಂಪ್ಯೂಟರ್ ಬಂದ ಮ್ಯಾಲ ಗಂಟುಮೂಟಿ ಸಹಿತ ಬಂದು ಇಲ್ಲೇ ಇದ್ದುಬಿಟ್ಟಾರ.

ನಾನು ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ. ಶಹಾಬಾದದಾಗ ಒಂದು ಫರಸಿ ಕಾರ್ಖಾನಿಯೊಳಗ ನನ್ನ ಕೆಲಸ. ಫರಸಿ ಅಂದ್ರ ನೆಲಕ್ಕ ಹಾಸೋ ನಮ್ಮ ಕಲ್ಲು. ಅದರ ಮ್ಯಾಲ ಮನಿ ಹೆಸರು, ಗುಡಿ ಹೆಸರು, ತೀರಿಹೋದವರ ಹೆಸರು ಕೆತ್ತಿ ಕೊಡೋ ಕೆಲಸಾನೂ ನಮ್ಮಲ್ಲಿ ನಡೀತದ. ಕೆತ್ತಿದ ಅಕ್ಷರಕ್ಕ ಬಿಳಿ ಬಣ್ಣ ತುಂಬಾಕಿ ನಾನು. ಓದಲಿಕ್ಕ ಬರೂದಿಲ್ಲ. ಆದ್ರ ಅಕ್ಷರದ ಹೊಟ್ಟಿಯೊಳಗ ಕುಂಚ ಆಡಿಸಿ ಆಡಿಸಿ ಅವುಗಳ ಬೆನ್ನು, ಬಾಲ, ಕೋಡು ಎಲ್ಲಾ ಕೈಗೆ ಗೊತ್ತು. ದನ ಕಾಯಾಕಿಗೆ ಯಾರ ಮನಿ ದನ ಅಂತ ತಿಳೀದಿದ್ರೂ ಹಾಯೋದು ಯಾವುದು, ಒದೆಯೋದು ಯಾವುದು ತಿಳಿದಿರ್ತದಲ್ಲ, ಹಂಗ.

ಮೊದಲು ಉಳಿ ಹಿಡಿದು ಕೈಲೆ ಕೆತ್ತೋರು ಇದ್ರು. ಈಗ ಮಷೀನ್ ಬಂದದ. ಮಷೀನಿಗೆ ಏನು ಕೆತ್ತಬೇಕು ಅಂತ ಕಂಪ್ಯೂಟರ್ ಹೇಳ್ತದ. ಕಂಪ್ಯೂಟರಿಗೆ ನನ್ನ ಮೊಮ್ಮಗಳು ಹೇಳ್ತಾಳ. ಸಾವಕಾರ್ರು ಆಕಿನ್ನ ಕೆಲಸಕ್ಕ ಇಟ್ಟುಕೊಂಡಾಗ ಅರ್ಧ ಮನಸಿಲೇ ಇಟ್ಟುಕೊಂಡಿದ್ರು. "ಹೆಣ್ಣ ಹುಡುಗಿ, ನಡಸ್ತಾಳೋ ಇಲ್ಲೋ. ನಮ್ಮ ಅಕ್ಕನ ಮಗ ಖಾಲಿ ಕುಂತಾನ. ಒಂದೆರಡು ಕಲ್ಲು ಕೆಟ್ಟವು ಅಂದ್ರ ಆ ಕುರ್ಚಿಯಾಗ ಅವನು ಕುಂದ್ರತಾನ ನೋಡು" ಅಂತ ಮೊದಲ ದಿನಾನೇ ಹೇಳಿದ್ರು. ಆ ಹುಡುಗಿ ಊಟಾ ಬಿಟ್ಟು ಕುಂತು, ಅಪ್ಪನ ಜೋಡಿ ಜಗಳ ಆಡಿ, ಆ ಕೆಲಸ ಕಲಿತಾಕಿ. ಆ ಕುರ್ಚಿ ಹೋದ್ರ ಆಕಿ ಮತ್ತ ನಗೂದಿಲ್ಲ ಅಂತ ನನಗ ಗೊತ್ತಿತ್ತು. ನನ್ನ ಹೆದರಿಕಿ ಎಲ್ಲಾ ಆ ಕುರ್ಚಿದು.

ಇದನ್ನೂ ನಾ ಬಾಯಿಲೆ ಹೇಳಲಿಕತ್ತೀನಿ, ಆಕಿ ಕಂಪ್ಯೂಟರಿನಾಗ ಟೈಪ್ ಹೊಡೀಲಿಕತ್ತಾಳ. ಓದ್ತಾ ಓದ್ತಾ ನಿಮಗ ಎಲ್ಲಾದ್ರೂ ಖಾಲಿ ಚೌಕ ಕಂಡ್ರ ಹೌಹಾರಬ್ಯಾಡ್ರಿ. ಅದೇನು ಅಂತ ಈಗ ಹೇಳ್ತೀನಿ.

೧. ಪರದೆ ಮ್ಯಾಲ ಭಾನಾಮತಿ

ಹುಡುಗಿ ಕೆಲಸಕ್ಕ ಸೇರಿದ ಹೊಸತು. ಸೇಡಂದಿಂದ ಯಾರೋ ಮನಿ ಹೆಸರು ಕಳಿಸಿದ್ರು. ಅದನ್ನ ತೆರೆದು ನೋಡಿ ಆಕಿ "ಅಯ್ಯ" ಅಂದಳು. ನಾನು ಬಣ್ಣದ ಡಬ್ಬಿ ಬಿಟ್ಟು ಓಡಿ ಹೋದೆ. ನೋಡ್ತೀನಿ, ಪರದೆ ತುಂಬ ಖಾಲಿ ಚೌಕ! ಒಂದರ ಬಾಜೂಕ ಒಂದು, ಒಳಗ ಏನೂ ಇಲ್ಲ. ಯಾರೋ ಸಾಲಾಗಿ ಕುಣಿ ತೋಡಿ ಇಟ್ಟಂಗ.

ಇದು ಭಾನಾಮತಿನೇ, ಯಾರೋ ಮಾಟ ಮಾಡಿಸ್ಯಾರ ಅಂದುಕೊಂಡೆ. ನಮ್ಮ ಕಡಿ ಹೆಣ್ಣುಮಕ್ಕಳಿಗೆ ಕೇಳ್ರಿ, ಭಾನಾಮತಿ ಅಂದ್ರ ಏನು ಅಂತ. ಗ್ವಾಡಿ ಮ್ಯಾಲ ತಾನೇ ಗೀರು ಮೂಡ್ತಾವ, ಪೆಟಗಿಯೊಳಗಿನ ಸೀರಿ ತಾನೇ ಹರೀತದ. ಮೊದಲ ಗುರುತು ಚೌಕ. ತಗಡಿನ ಮ್ಯಾಲ ಚೌಕ ಬರೆದು ಹೊಸ್ತಿಲ ಕೆಳಗ ಹುಗೀತಾರ ಅಂತ ನಮ್ಮವ್ವ ಹೇಳ್ತಿದ್ಳು. ಈಗ ಹೊಸ್ತಿಲದ ತನಕಾನೂ ಬರೂದಿಲ್ಲ, ತಾರಿನಾಗ ಕಳಿಸ್ತಾರ ಅಂತ ತಿಳಿದೆ. ಕುರ್ಚಿ ಮ್ಯಾಲ ಕಣ್ಣಿಟ್ಟವರು ಇದ್ದೇ ಇದ್ರಲ್ಲ!

"ಕೈ ತೆಗಿ ಯವ್ವಾ, ಮುಟ್ಟಬ್ಯಾಡ" ಅಂತ ಒದರಿದೆ.

"ಆಯಿ, ಏನಿಲ್ಲ ಇದು. ಕಂಪ್ಯೂಟರಿಗೆ ಅಕ್ಷರ ತಿಳಿಯೂದಿಲ್ಲ, ನಂಬರ್ ಅಷ್ಟೇ ತಿಳೀತದ. ಒಂದೊಂದು ಅಕ್ಷರಕ್ಕ ಒಂದೊಂದು ನಂಬರ್ ಅದ. ನಂಬರ್ ಬಂದ ಕೂಡ್ಲೆ ಆ ಅಕ್ಷರದ ಚಿತ್ರ ಹುಡುಕಿ ತೋರಸ್ತದ. ಚಿತ್ರ ಸಿಗಲಿಲ್ಲಂದ್ರ ಖಾಲಿ ಚೌಕ ಇಡ್ತದ, ಅಷ್ಟೇ. ನಾ ಅಕ್ಷರದ ಚಿತ್ರ ಹಾಕ್ತೀನಿ ತಡಿ."

ಹೆದರಿದಾಕಿಗೆ ನಂಬರ್ ಏನು ಹತ್ತತದ? ನಾ ಕಾರ್ಖಾನಿ ಹಿಂದಿನ ಅಡಗಿ ಒಲಿಗೆ ಹೋಗಿ ಕೆಂಡ ತಂದೆ. ಉಪ್ಪು, ಒಣ ಮೆಣಸಿನಕಾಯಿ, ಹಳೇ ಕಸಬರಗಿ ಕಡ್ಡಿ ಹಿಡಿದು ಕಂಪ್ಯೂಟರಿಗೆ ನದರ ತೆಗೆದೆ. "ಬಂದವರ ಕಣ್ಣು, ಹೋದವರ ಕಣ್ಣು, ಅಕ್ಕನ ಮಗನ ಕಣ್ಣು" ಅಂತ ಕೆಂಡದಾಗ ಒಗದೆ. ಮೆಣಸಿನಕಾಯಿ ನಮ್ಮ ಹೊಲದ್ದು, ಖಾರ ಹೇಳಬ್ಯಾಡ್ರಿ. ಘಾಟು ಎದ್ದು ಕಾರ್ಖಾನಿ ಮಂದಿ ಎಲ್ಲಾ ಕೆಮ್ಮಿಕೋತ ಹೊರಗ. ಸಾವಕಾರ್ರು ಮಷೀನಿಗೆ ಬೆಂಕಿ ಹತ್ತ್ಯಾದ ಅಂತ ಒಂದು ಚಪ್ಪಲಿ ಬಿಟ್ಟು ಓಡಿ ಹೋಗಿ ರಸ್ತಾದ ಮ್ಯಾಲ ನಿಂತ್ರು.

ಆ ಹೊಗಿಯೊಳಗೇ ಮೊಮ್ಮಗಳು ಕಣ್ಣೀರು ಒರಸಿಕೋತ ಆ ಚಿತ್ರ ಹಾಕಿಬಿಟ್ಟಿದ್ಳು. ಹೊಗಿ ಹರೀತು, ನೋಡ್ತೀವಿ, ಚೌಕ ಹೋಗಿ ದುಂಡ ದುಂಡ ಕನ್ನಡ ಅಕ್ಷರ ಕುಂತಾವ.

ಈಗಲೂ ಪರದೆ ಮ್ಯಾಲ ಚೌಕ ಕಂಡ್ರ ಸಾವಕಾರ್ರು ಹುಡುಗಿಗೆ ಏನೂ ಕೇಳೂದಿಲ್ಲ. ಮೂಗಿಗೆ ದಸ್ತಿ ಕಟ್ಟಿಕೊಂಡು, "ಆಯಿಗೆ ಕರೀರಿ" ಅಂತಾರ.

೨. ಎಮ್ಮಿಗೂ ಒಂದು ಕೊಡ್ರಿ

ಚಿತ್ತಾಪುರದ ಗಂಡ-ಹೆಂಡತಿ ಹೊಸ ಮನಿ ಕಟ್ಟಿಸಿ ಬಾಗಿಲಿಗೆ ಕಲ್ಲು ಹೇಳಿದ್ರು. ಕೆತ್ತೋ ಮೊದಲು ಕಾಗದದ ಮ್ಯಾಲ ಮಾದರಿ ತೆಗೆದು ಕಳಿಸೋದು ನಮ್ಮ ಪದ್ಧತಿ. ಹುಡುಗಿ ಛಾಪೋ ಮಷೀನಿಗೆ ಹೇಳಿ, ಬಂದ ಕಾಗದ ಮಡಚಿ, ಟೆಂಪೋದವನ ಕೈಯಾಗ ಕೊಟ್ಟು ಕಳಿಸಿದ್ಳು. ಮಾದರಿ ಹೆಂಗ ಬಂದದ ಅಂತ ಬಿಚ್ಚಿ ನೋಡಲಿಲ್ಲ.

ಮರುದಿನ ಇನ್ನೊಂದು ಕಾಗದ ತೆಗೀವಾಗ ಆಕಿ ಮುಖ ಬೆಳ್ಳಗಾತು. "ಆಯಿ, ನಿನ್ನಿದೂ ಹಿಂಗೇ ಹೋಗ್ಯಾದ" ಅಂತ ತೋರಿಸಿದ್ಳು. ನಾ ಎಷ್ಟು ಅಕ್ಷರಕ್ಕ ಬಣ್ಣ ತುಂಬೀನಿ, ಇಂಥವು ನೋಡಿದ್ದಿಲ್ಲ. ಇಂಗ್ಲಿಷ್ ಅಕ್ಷರ ಹೌದು. ಆದ್ರ ಒಂದರ ತಲಿ ಮ್ಯಾಲ ಟೊಪಗಿ, ಒಂದರ ನೆತ್ತಿಗೆ ಎರಡು ಚುಕ್ಕಿ, ಒಂದಕ್ಕ ಕೋಡು, ಒಂದಕ್ಕ ಬಾಲ.

"ಹಿಂದಿನ ಕಾಲದ ಕನ್ನಡದ್ದು ಇದು" ಅಂದಳು. "ಆವಾಗ ಕನ್ನಡಕ್ಕ ಅದರದೇ ನಂಬರ್ ಇದ್ದಿಲ್ಲ. ಇಂಗ್ಲಿಷಿನ ನಂಬರಿಗೇ ಕನ್ನಡದ ಸೋಗು ಹಾಕಿ ಕುಣಿಸ್ತಿದ್ರು. ಪರದೆ ಮ್ಯಾಲ ಸೋಗು ನೆಟ್ಟಗ ಇತ್ತು, ಛಾಪೋ ಮಷೀನಿಗೆ ಹೋದ ಕೂಡ್ಲೆ ಕಳಚಿ ಬಿತ್ತು."

ಬಯಲಾಟದಾಗ ಹಾಡಕೋತ ಕುಣಿಯೋ ರಾಣಿ ಸೀರಿ ಬಿಚ್ಚಿದ್ರ ಒಳಗ ಮೀಸಿ ಗಂಡಸು ಇರ್ತಾನಲ್ಲ, ಅದು ನನಗ ತಿಳೀತು. ಆದ್ರ ಸಮಾಧಾನ ಆಗಲಿಲ್ಲ. ಯಾಕಂದ್ರ ಆ ಮನಿ ಯಜಮಾನ ಜ್ವರ ಬಂದು ಮಲಗ್ಯಾನ ಅಂತ ಟೆಂಪೋದವ ಹೇಳಿದ್ದ. ಜ್ವರದ ಮನಿಗೆ ಕೋಡು ಮೂಡಿದ ಕಾಗದ ಹೋಗ್ಯಾದ! ಅವಗ ಏನರೆ ಆದ್ರ ಯಾರ ಮ್ಯಾಲ ಬರ್ತದ? ಎರಡು ಮೂರು ದಿನ ಸುದ್ದಿ ಇಲ್ಲ. ಹುಡುಗಿ ಫೋನು ಮಾಡಿದ್ರ ಎತ್ತವಲ್ಲರು.

ಒಂದು ಮುಂಜಾನಿ ಚಿತ್ತಾಪುರದ ಆ ಹೆಣ್ಣಮಗಳು ಕಾರ್ಖಾನಿ ಬಾಗಿಲದಾಗ ಬಂದೇಬಿಟ್ಟಳು. ಸೀರಿ ಟೊಂಕಕ್ಕ ಸಿಗಿಸ್ಯಾಳ, ಬಿರಬಿರ ನಡದಾಳ. ನಾ ಮೊಮ್ಮಗಳ ಕೈ ಹಿಡಿದು ಕಲ್ಲಿನ ಒಟ್ಟಿ ಹಿಂದ ಕುಂತೆ.

"ಆ ಕಾಗದ ಮಾಡಿದಾಕಿ ಎಲ್ಲ್ಯಾಳ್ರಿ? ಕರೀರಿ ಆಕಿಗೆ!"

ಸಾವಕಾರ್ರು ನಮ್ಮ ಕಡಿ ಬಟ್ಟು ಮಾಡಿ ತೋರಿಸಿಬಿಟ್ರು. ಎದ್ದು ನಿಂತ್ವಿ. ಆಕಿ ಬಂದಾಕಿನೇ ಹುಡುಗಿ ಗದ್ದ ಹಿಡದು ಲಟಿಕಿ ಮುರದಳು. "ನನ್ನವ್ವಾ! ಯಾವ ಮಠದಾಗ ಕಲ್ತಿ? ಆ ಕಾಗದ ಮಡಚಿ ತಾಯತದಾಗ ಹಾಕಿ ನಮ್ಮನಿಯವರ ರಟ್ಟಿಗೆ ಕಟ್ಟಿದೆ. ಆವತ್ತೇ ಬೆವರು ಒಡದು ಜ್ವರ ಇಳೀತು."

"ಅಕ್ಕಾರ, ಅದು ತಾಯತ ಅಲ್ರಿ, ನಿಮ್ಮ ಮನಿ ಹೆಸರು ಅದು" ಅಂದಳು ನಮ್ಮ ಹುಡುಗಿ.

"ನಮ್ಮ ಮನಿ ಹೆಸರು ನನಗ ಗೊತ್ತಿಲ್ಲೇನು? ಅದಕ್ಕ ಕೋಡು ಅವೇನು?" ಅಂತ ಆಕಿನೇ ಬೈದಳು. ಆಮ್ಯಾಲ ಬಗ್ಗಿ, ಸಣ್ಣ ದನಿಲೆ ಅಂದಳು: "ಎಮ್ಮಿ ಸೊರ ಬಿಡವಲ್ದು, ಹಾಲು ಇಳಸವಲ್ದು. ಅದಕ್ಕೂ ಒಂದು ಮಾಡಿಕೊಡು ತಂಗಿ. ಎಮ್ಮಿಗೆ ಸಣ್ಣ ಅಕ್ಷರ ತಿಳಿಯಾಂಗಿಲ್ಲ, ಸ್ವಲ್ಪ ದಪ್ಪ ತೆಗಿ."

೩. ಹೆಸರಿನ ಡಬ್ಬಿ

ವಾಡಿ ಜಂಕ್ಷನ್‌ನಾಗ ರೈಲಿನ ಡಬ್ಬಿ ಕೂಡಿಸೋದು, ಬಿಚ್ಚೋದು ಮಾಡಿ ನಿವೃತ್ತಿ ಆದ ಒಬ್ಬ ಹಿರಿಯರು ಇದ್ರು. ಹೊಸ ಮನಿಗೆ ಕಲ್ಲು ಮಾಡಿಸಿದ್ರು. ಒಂದೇ ಸಾಲಿನಾಗ ಮೊದಲು ಮನಿದೇವರು, ಆಮ್ಯಾಲ ಅಪ್ಪ, ಕಡೀಗೆ ತಾವು. ತಗೊಂಡು ಹೋಗಲಿಕ್ಕ ಬಂದು ಕಲ್ಲಿನ ಮ್ಯಾಲ ಕೈ ಆಡಿಸಿದ್ರು. ಕಡೀಗೆ ಬಂದು ಕೈ ನಿಂತುಬಿಡ್ತು.

"ನನ್ನ ಹೆಸರು ಅರ್ಧಕ್ಕೇ ತುಂಡಾಗ್ಯಾದ!"

ಖರೇನೇ. ಅರ್ಧ ಹೆಸರು, ಆಮ್ಯಾಲ ಒಂದು ಚೌಕ, ಆಮ್ಯಾಲ ಬರೇ ಕಲ್ಲು. ಹಿರಿಯರು ಅಲ್ಲೇ ಕುಸಿದು ಕುಂತ್ರು. "ಕಲ್ಲಿನ ಮ್ಯಾಲ ಅರ್ಧ ಹೆಸರು ಬಂತಂದ್ರ ಅರ್ಧ ಆಯುಷ್ಯ. ಪೂರಾ ಹೆಸರು ಮೂಡೋ ತನಕ ನಾ ಈ ಜಾಗ ಬಿಟ್ಟು ಏಳೂದಿಲ್ಲ. ಎದ್ರ ರಸ್ತಾದಾಗೇ ಏನರೆ ಆಗ್ತದ." ನೀರು ಕೊಟ್ರ ಕುಡೀಲಿಲ್ಲ. ಚಾ ಕೊಟ್ರ ಬ್ಯಾಡಂದ್ರು. ಮುಖ ನೋಡಿ ನನಗೂ ಹಂಗೇ ಅನ್ನಿಸ್ತು, ಈ ಮನಿಶಾ ಇಲ್ಲೇ ಹೋಗಿಬಿಡ್ತಾನ ಅಂತ.

ಸಾವಕಾರ್ರು ಹುಡುಗಿ ಮ್ಯಾಲ ಹಾರಿದ್ರು. "ಒಂದು ಕಲ್ಲು ಕೆಟ್ಟಿತು. ತಿಕ್ಕಿ ತೆಗೆದು ಮತ್ತ ಕೆತ್ತಬೇಕು. ಇನ್ನೊಂದು ಕೆಡ್ಲಿ, ಅಕ್ಕನ ಮಗಗ ಫೋನು ಮಾಡೇಬಿಡ್ತೀನಿ!"

ಆಕಿ ಅಳು ನುಂಗಿ ಹಿರಿಯರ ಮುಂದ ಕುಂತಳು. "ಅಜ್ಜಾರ, ಕೇಳ್ರಿ. ಕಂಪ್ಯೂಟರಿನಾಗ ಇಂಗ್ಲಿಷಿನ ಒಂದು ಅಕ್ಷರ ಕುಂದ್ರಲಿಕ್ಕ ಒಂದೇ ಡಬ್ಬಿ ಸಾಕು. ಕನ್ನಡದ ಒಂದು ಅಕ್ಷರಕ್ಕ ಮೂರು ಡಬ್ಬಿ ಬೇಕು. ಒತ್ತು, ಕೊಂಬು ಬಂದ್ರ ಇನ್ನೂ ಮೂರು ಮೂರು. ಈ ಕೆತ್ತೋ ಮಷೀನು ಪರದೇಶದ್ದು. ಒಂದು ಸಾಲಿಗೆ ಇಷ್ಟೇ ಡಬ್ಬಿ ಅಂತ ಇಂಗ್ಲಿಷಿನ ಲೆಕ್ಕದಾಗ ಗೆರಿ ಎಳದದ. ಹೆಚ್ಚಾಗಿದ್ದನ್ನ ಕಡದು ಒಗೀತದ. ಕಡೀ ಅಕ್ಷರದ ಮೂರರಾಗ ಎರಡು ಡಬ್ಬಿ ಹತ್ತಿ ಒಂದು ಉಳಿದಿತ್ತು, ಅದಕ್ಕ ಅಲ್ಲಿ ಚೌಕ ಬಂದದ."

ಹಿರಿಯರ ಕಣ್ಣಿನಾಗ ಜೀವ ಬಂತು. "ಅಂದ್ರ ಗಾಡಿ ಉದ್ದ, ಪ್ಲಾಟ್‌ಫಾರ್ಮ್ ಸಣ್ಣದು?"

"ಹೌದ್ರಿ!"

"ಇದನ್ನ ಮೊದಲೇ ಹೇಳಬಾರದಾ? ನಾ ಸಾಯಲಿಕತ್ತಿದ್ದೆ." ಎದ್ದು ಚಾ ತರಿಸಿಕೊಂಡ್ರು. ಕುಡಿಕೋತ ಕಲ್ಲು ನೋಡಿ ವಿಚಾರ ಮಾಡಿದ್ರು. "ಎರಡು ಸಾಲು ಮಾಡಿದ್ರ?"

"ಕಲ್ಲು ಸಣ್ಣದದ ಅಜ್ಜಾರ, ಎರಡು ಸಾಲು ಹಿಡಿಯೂದಿಲ್ಲ. ಯಾವುದರೆ ಹೆಸರು ಸಣ್ಣದು ಮಾಡಬೇಕು."

"ದೇವರ ಡಬ್ಬಿಗೆ ಕೈ ಹಚ್ಚಬ್ಯಾಡ, ಅದು ಎಂಜಿನ್ನು. ನನ್ನದಂತೂ ಬಿಚ್ಚಬ್ಯಾಡ, ಗಾಡಿ ಇನ್ನೂ ನಡದದ." ಬಸಿ ಕೆಳಗಿಟ್ಟು ಮೀಸಿ ಒರಸಿಕೊಂಡ್ರು. "ನಮ್ಮಪ್ಪನ ಹೆಸರಿನಾಗ ಬೇಕಾದಷ್ಟು ಡಬ್ಬಿ ಬಿಚ್ಚು. ಅವಂದು ಸ್ಟೇಷನ್ ಎಂದೋ ಬಂದು ಹೋಗ್ಯಾದ."

೪. ಪಂಚಮಿ ಕಲ್ಲು

ಚಿಮ್ಮನಚೋಡದ ಗೌಡ್ರು ಊರ ಬಸ್‌ಸ್ಟ್ಯಾಂಡ್ ಮುಂದ ಅರವಟಗಿ ಕಟ್ಟಿಸಿದ್ರು. ಬಾಯಾರಿ ಬಂದವರಿಗೆ ನೀರು, ನೀರು ಕುಡದವರಿಗೆ ಗೌಡ್ರ ಹೆಸರು. ಆ ಹೆಸರಿನ ಕಲ್ಲು ನಮಗ ಹೇಳಿದ್ರು. ಬರೇ ಹೆಸರಲ್ಲ, ಹೆಸರಿನ ಹಿಂದ-ಮುಂದ ಇದ್ದ ಗೌರವ ಎಲ್ಲಾ ಬರಬೇಕು. ಅದಕ್ಕೇ ದೊಡ್ಡ ಕಲ್ಲು, ನಮ್ಮ ಕಾರ್ಖಾನಿಯೊಳಗ ಅದರಷ್ಟು ಚಂದ ಕಲ್ಲು ಇನ್ನೊಂದಿದ್ದಿಲ್ಲ. ಗೌಡ್ರು ಮಾತಾಡಿದ್ರ ಎದುರಿಗಿದ್ದವರ ತಲಿ ಮ್ಯಾಲಿನ ಪಟಕಾ ಹಾರ್ತದ, ಅಂಥ ದನಿ. "ಪಂಚಮಿ ದಿನ ನಾನೇ ಬಂದು ಒಯ್ತೀನಿ" ಅಂತ ಹೇಳಿಬಿಟ್ಟಿದ್ರು.

ಪಂಚಮಿ ಹಿಂದಿನ ದಿನ ಕೆತ್ತಲಿಕ್ಕ ಹಚ್ಚಿದ್ವಿ. ಹುಡುಗಿ ಕುಂದ್ರೋ ಕಂಪ್ಯೂಟರ್ ಹೊಸದು, ಮಷೀನಿಗೆ ಅಂಟಿದ ಕಂಪ್ಯೂಟರ್ ಹಳೇದು. ಇದರಿಂದ ಅದಕ್ಕ ಒಯ್ಯುವಾಗ ಹಳೇದು ಏನೋ ಇಂಗ್ಲಿಷಿನಾಗ ಕೇಳಿತು. ಹುಡುಗಿ ಓದಬೇಕು ಅನ್ನೋದ್ರಾಗ ಹಿಂದ ನಿಂತ ಸಾವಕಾರ್ರು "ಹೂಂ ಅನ್ನು, ಹೂಂ ಅನ್ನು, ಜಲ್ದಿ, ಕರೆಂಟು ಹೋಗ್ತದ" ಅಂತ ಅವಸರ ಮಾಡಿದ್ರು. ಆಕಿ ಹೂಂ ಅಂದಳು. ಸಾವಕಾರ್ರು ಚಿಂಚೋಳಿಗೆ ತಂಗಿ ಮನಿಗೆ ಹಬ್ಬಕ್ಕ ಹೋದ್ರು. ಹುಡುಗಿ ಆಫೀಸಿನಾಗ ಫೋನು ಬಂತಂತ ಹೋದಳು. ನಾ ಮಷೀನ್ ಕಾಯಲಿಕ್ಕ ಕುಂತೆ.

ಕೆತ್ತುವಾಗ ಕಲ್ಲಿನ ಮ್ಯಾಲ ನೀರು ಬಿಡ್ತಾರ. ಹಿಟ್ಟಿನಂಥ ರಾಡಿ ತುಂಬಿ ಒಳಗಿಂದು ಏನೂ ಕಾಣೂದಿಲ್ಲ. ಮುಗಿದ ಮ್ಯಾಲ ತೊಳದು ನೋಡಿದೆ. ಸಾಲಿಗೆ ಸಾಲು, ಎಲ್ಲಾ ಒಂದೇ ಅಕ್ಷರ! ಮ್ಯಾಲ ದುಂಡಗ ಬಾಗ್ಯಾದ, ಕೆಳಗ ನೆಟ್ಟಗ ಇಳದದ, ಬುಡಕ ಒಂದು ಚುಕ್ಕಿ. ನನ್ನ ಕೈಗೆ ಇಂಥಾದ್ದು ಎಲ್ಲೋ ಅಪರೂಪಕ್ಕ ಒಂದು ಬರ್ತಿತ್ತು, ಇಷ್ಟು ಬಂದಿದ್ದಿಲ್ಲ. ದೊಡ್ಡವರ ಹೆಸರು ಹಿಂಗೇ ಇರಬಹುದು, ಬಡವರಂಗ ಒಂದೊಂದು ಅಕ್ಷರ ಒಂದೊಂದು ಕಡಿಯಿಂದ ಕೂಡಿಸಿ ತಂದಿರೂದಿಲ್ಲ ಅಂತ ತಿಳದು ನಿರುಂಬಳಾಗಿ ಬಿಳಿ ಬಣ್ಣ ತುಂಬಿದೆ.

ಹುಡುಗಿ ಬಂದು ನೋಡಿದ್ಳು. ಕಲ್ಲಿನ ಬಾಜೂಕ ಕಲ್ಲಾಗಿ ನಿಂತಳು.

"ಆಯಿ, ಇದು ಪ್ರಶ್ನೆ ಚಿಹ್ನೆ. ಆ ಹಳೇ ಕಂಪ್ಯೂಟರ್ 'ಹಳೇ ಪದ್ಧತಿಲೆ ಇಡಲೇನು' ಅಂತ ಕೇಳಿರಬೇಕು, ನಾ ಹೂಂ ಅಂದೆ. ಆ ಪದ್ಧತಿಯಾಗ ಕನ್ನಡದ ನಂಬರಿಗೆ ಜಾಗಾನೇ ಇಲ್ಲ. ಒಂದೊಂದು ನಂಬರ್ ಬಂದಾಗೂ 'ಇದೇನು, ಇದೇನು' ಅಂತ ಈ ಗುರುತು ಹಾಕಿ ಒಗದದ. ಅಕ್ಷರಕ್ಕ ಒಂದು, ಒತ್ತಿಗೆ ಒಂದು, ದೀರ್ಘಕ್ಕ ಒಂದು. ಗೌಡ್ರ ಹೆಸರು ಒಂದೂ ಉಳದಿಲ್ಲ."

"ತಿಕ್ಕಿ ತೆಗದು ನಾಳಿ ಮತ್ತ ಕೆತ್ತಿದ್ರಾತು" ಅಂದೆ. ಅಂದಾಕಿನೇ ನಾಲಿಗಿ ಕಚ್ಚಿಕೊಂಡೆ. ನಾಳಿ ಪಂಚಮಿ. ಹಾವಿನ ಹಬ್ಬಕ್ಕ ನೆಲ ಅಗಿಯೂದಿಲ್ಲ, ಕಾಯಿಪಲ್ಯ ಸಹಿತ ಹೆಚ್ಚೂದಿಲ್ಲ. ಕಲ್ಲು ತಿಕ್ಕೋರು ಯಾರು, ಕೆತ್ತೋರು ಯಾರು? ಆವತ್ತಿಗೆ ಕೆಲಸದ ಮಂದಿನೂ ಮನಿಗೆ ಹೊರಟಿದ್ರು. ಅವರ ಕೈ ಕಾಲು ಹಿಡಿದು ಕಲ್ಲನ್ನ ಕಾರ್ಖಾನಿ ಹಿಂದ ಬೇವಿನ ಗಿಡದ ಬುಡಕ ಸರಿಸಿ ನಿಲ್ಲಿಸಿ, ಗೋಣಿ ತಟ್ಟು ಹೊಚ್ಚಿ ಬಂದ್ವಿ.

ಮರುದಿನ ನಾವಿಬ್ಬರೂ ಜಳಕ ಮಾಡಿ ಮುಂಜಾನಿನೇ ಬಂದು ಬಾಗಿಲದಾಗ ಕುಂತ್ವಿ. ಗೌಡ್ರ ಕಾಲು ಹಿಡೀಬೇಕೋ, ಸಾವಕಾರ್ರ ಕಾಲು ಹಿಡೀಬೇಕೋ ಅಂತ ನಾ ಲೆಕ್ಕ ಹಾಕ್ತಿದ್ದೆ. ಹುಡುಗಿ ಚೀಲದಾಗ ತನ್ನ ಕುರ್ಚಿ ಮ್ಯಾಲಿನ ಗಾದಿ ಮಡಚಿ ಇಟ್ಟುಕೊಂಡಿದ್ಳು.

ಅಷ್ಟರಾಗ ಹಿಂದಿನಿಂದ ಗದ್ದಲ. "ಯವ್ವಾ, ಬರ್ರೇ! ನಾಗಪ್ಪ ಎದ್ದಾನ ಬರ್ರೇ!"

ಓಡಿ ಹೋದ್ವಿ. ಬೇವಿನ ಗಿಡದ ಬುಡಕ ಒಂದು ಹುತ್ತ ಅದ. ಓಣಿ ಹೆಣ್ಣಮಕ್ಕಳು ವರ್ಷಾ ಅಲ್ಲಿಗೆ ಹಾಲು ಎರೀಲಿಕ್ಕ ಬರ್ತಾರ ಅನ್ನೋದು ಅವಸರದಾಗ ನಮಗ ಮರತೇ ಹೋಗಿತ್ತು. ಗಾಳಿಗೆ ತಟ್ಟು ಜಾರಿ ಬಿದ್ದದ. ಕರೀ ಕಲ್ಲಿನ ಮ್ಯಾಲ ಬೆಳ್ಳಗ ಸಾಲು ಸಾಲು ಹೆಡಿ ಎತ್ತಿ ನಿಂತಾವ! ಹೌದ್ರಿ, ಹೆಣ್ಣಮಕ್ಕಳು ತೋರಿಸಿದ ಮ್ಯಾಲ ನನಗೂ ಹಂಗೇ ಕಾಣ್ತು. ಬಾಗಿದ ಹೆಡಿ, ನೆಟ್ಟನ ಮೈ, ಬುಡಕ ಒಂದೊಂದು ತತ್ತಿ.

ನೋಡೋದ್ರಾಗ ಅರಿಶಿಣ, ಕುಂಕುಮ, ಹಂಗನೂಲು, ಜೋಳದ ಅಳ್ಳು, ಎಳ್ಳುಂಡಿ. ಹಾಲು ಹರದು ಹಳ್ಳ ಆತು. ನಾ ನಡುವ ಸಿಕ್ಕೆ. ಖರೇ ಹೇಳಿದ್ರ ಹೆಣ್ಣಮಕ್ಕಳು ಬಿಡೂದಿಲ್ಲ, ಸುಳ್ಳು ಹೇಳಿದ್ರ ನಾಗಪ್ಪ ಬಿಡೂದಿಲ್ಲ. ಯಾವುದಕ್ಕೂ ಇರ್ಲಿ ಅಂತ ಕೈ ಮುಗದು ಸುಮ್ಮ ನಿಂತೆ.

ಸಾವಕಾರ್ರು ಚಿಂಚೋಳಿಯಿಂದ ನೆಟ್ಟಗ ಅಲ್ಲಿಗೇ ಬಂದ್ರು. ಗುಂಪು ಸರಿಸಿ ಬಗ್ಗಿ ನೋಡಿದ್ರು. ಓದಿದ ಮನಿಶಾ, ಗುರುತು ಹಿಡದೇಬಿಟ್ರು. ಮೆಲ್ಲಕ ಹುಡುಗಿ ಕಿವಿಯಾಗ ಕೇಳಿದ್ರು:

"ಇದು ಪ್ರಶ್ನೆ ಚಿಹ್ನೆ ಅಲ್ಲೇನು?"

"ಹೌದ್ರಿ."

"ಗೌಡ್ರ ಕಲ್ಲು?"

"ಹೌದ್ರಿ." ಆಕಿ ಚೀಲ ಎದಿಗೆ ಅವಚಿಕೊಂಡಳು.

ಸಾವಕಾರ್ರು ಹೆಣ್ಣಮಕ್ಕಳ ಕಡಿ ನೋಡಿದ್ರು. ಅವರ ಕೈಯಾಗಿನ ಹಿತ್ತಾಳಿ ತಂಬಗಿ ನೋಡಿದ್ರು. ಅಷ್ಟರಾಗ ಬಾಗಿಲದಾಗ ಗೌಡ್ರ ಜೀಪು ನಿಂತ ಸಪ್ಪಳ ಬಂತು. ಸಾವಕಾರ್ರು ಮುಖದ ಬೆವರು ಒರಸಿಕೊಂಡ್ರು.

"ಬಾಯಿ ಮುಚ್ಚು. ಕಾಯಿ ತಾ" ಅಂದ್ರು.

ಗೌಡ್ರು ಒದರಿಕೋತೇ ಬಂದ್ರು. "ಎಲ್ಲಿ ನನ್ನ ಕಲ್ಲು? ತಯಾರದ ಇಲ್ಲೋ?" ಬೇವಿನ ಗಿಡದ ಕಡಿ ಬಂದು ನೋಡ್ತಾರ, ಹಾಲು, ಹೂವು, ಉದಿನಕಡ್ಡಿ ಹೊಗಿ. ದನಿ ಗಂಟಲಾಗೇ ಕುಂತಿತು. ಚಪ್ಪಲಿ ದೂರ ಬಿಟ್ರು.

"ತಾನಾಗೇ ಎದ್ದಾನೇನು?"

"ಹೌದ್ರಿ ಗೌಡ್ರ" ಅಂದ್ರು ಸಾವಕಾರ್ರು. "ನಿಮ್ಮ ಕಲ್ಲು ಕೆತ್ತಲಿಕ್ಕ ಹಚ್ಚಿದ್ವಿ, ಅಷ್ಟರಾಗ ನಾಗಪ್ಪ ಬಂದ. ಇನ್ನ ಹಬ್ಬದ ದಿನ ಹ್ಯಾಂಗ ಕೆತ್ತೋದು?"

"ಏ, ಕೆತ್ತಬ್ಯಾಡ್ರಿ, ಕೆತ್ತಬ್ಯಾಡ್ರಿ. ಹಬ್ಬ ಮುಗೀಲಿ."

"ನಾಳಿ ನಮ್ಮ ಹುಡುಗಿ ಕೆತ್ತಿ ಕೊಡ್ತಾಳ್ರಿ."

ನಮ್ಮ ಹುಡುಗಿ! ಆ ಬಾಯಿಂದ ಆ ಮಾತು ಮೊದಲನೇ ಸಲ ಬಂದಿತ್ತು. ಮೊಮ್ಮಗಳು ಚೀಲದಾಗಿನ ಗಾದಿ ಮೆಲ್ಲಕ ತೆಗದು ಕಂಕುಳಾಗ ಹಿಡಕೊಂಡಳು. ನಾಗಪ್ಪನ್ನ ತಿಕ್ಕಿ ತೆಗೆಯೋರು ಯಾರೂ ಇಲ್ಲ, ಅಂದ ಮ್ಯಾಲ ಅದು ಕೆಟ್ಟ ಕಲ್ಲಂತ ಅನ್ನೋರೂ ಇಲ್ಲ.

ಗೌಡ್ರು ಹೆಡಿ ಎಣಿಸಲಿಕ್ಕ ಹೋಗಿ ನಡುವೇ ಸೋತ್ರು. "ಐದು ಹೆಡಿ ಕೇಳೀನಿ, ಏಳು ಹೆಡಿ ಕೇಳೀನಿ. ಇಷ್ಟು ಹೆಡಿ ನಮ್ಮ ಸೀಮ್ಯಾಗ ಎಲ್ಲೂ ಇಲ್ಲ. ನೋಡಿದ್ರ ಯಾಕೋ ಭಾಳ ಬೇಕಾದವರನ್ನ ನೋಡಿದಂಗ ಆಗ್ತದ." ಕಣ್ಣಾಗ ನೀರು ತಂದುಕೊಂಡು, ಒಬ್ಬಾಕಿ ಕೈಯಾಗಿನ ತಂಬಗಿ ಇಸಕೊಂಡು, ನಮ್ಮ ಕಡಿ ಪದ್ಧತಿ ಇದ್ದಂಗ ಒಬ್ಬೊಬ್ಬರ ಪಾಲು ಹೇಳಿ ಹಾಲು ಎರೀಲಿಕ್ಕ ಸುರು ಮಾಡಿದ್ರು.

"ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು." ತಂಬಗಿ ಬುಡದಾಗ ಒಂದೀಟು ಉಳದಿತ್ತು. ಅದನ್ನ ಭಕ್ತಿಲೆ ಬೋರಲು ಹಾಕಿದ್ರು. "ಇದೊಂದು ಹನಿ ನನ್ನ ಪಾಲು."

ಮೊಮ್ಮಗಳು ಗಾದಿಯೊಳಗ ಮುಖ ಮುಚ್ಚಿಕೊಂಡಳು. ಅಳ್ತಾಳ ಅಂತ ನಾ ಹತ್ತಿರ ಹೋದೆ. ಮೈಯೆಲ್ಲಾ ಕುಲುಕ್ತಿತ್ತು.

"ಆಯಿ," ಅಂದಳು, "ಗೌಡ್ರಿಗೆ ಯಾರರೆ ಹೇಳ್ರಿ. ಅದು ಪೂರಾ ತಂಬಗಿ ಅವರ ಪಾಲೇ."